ಮಾಲ್ಡಿ-ಟಾಫ್ ರಿಪೋರ್ಟ್ ಬಂದಿದೆ, ಡಾಕ್ಟರ್ ನಂಬುತ್ತಿಲ್ಲ. ಈ ಯಂತ್ರ ಎಂತ ಮಾಡುತ್ತದೆ?

ಬೇಳದ_ತೋಟ
ಅಪ್ಪ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದಾರೆ. ಇವತ್ತಿಗೆ ಆರನೇ ದಿನ. ಶುಗರ್ 15 ವರ್ಷದಿಂದ ಉಂಟು. ಜುಲೈಯಲ್ಲಿ ಆ ಜೋರು ಮಳೆ ಬಂದಾಗ ತೋಟದ ನೀರು ಹೋಗುವ ಕಣಿ ಬಿಡಿಸಲು ಬರಿಗಾಲಲ್ಲಿ ಇಳಿದಿದ್ದರು. ಬೇಡ ಅಂದರೆ ಕೇಳುವ ಜನ ಅಲ್ಲ. ವಾರ ಕಳೆದು ಜ್ವರ ಹಿಡಿಯಿತು. ಊರಲ್ಲಿ ಕೊಟ್ಟ ಮದ್ದಿಗೆ ಇಳಿಯಲೇ ಇಲ್ಲ.

ಇಲ್ಲಿ ರಕ್ತದ ಕಲ್ಚರ್ ಮಾಡಿದರು. ರಿಪೋರ್ಟಿನಲ್ಲಿ 'ಮಾಲ್ಡಿ-ಟಾಫ್ ಮಾಸ್ ಸ್ಪೆಕ್ಟ್ರೋಮೆಟ್ರಿ' ಎಂದು ಬರೆದು, ಅದರ ಕೆಳಗೆ 'ಬರ್ಖೋಲ್ಡೇರಿಯಾ ಥೈಲ್ಯಾಂಡೆನ್ಸಿಸ್, ಸ್ಕೋರ್ 1.93' ಎಂದು ಹಾಕಿದ್ದಾರೆ. ಡಾಕ್ಟರ್ ಕಾಗದ ನೋಡಿ, "ಈ ಹೆಸರು ನನಗೆ ಸರಿ ಕಾಣುವುದಿಲ್ಲ, ಬೇರೆ ಕಡೆ ಪಿಸಿಆರ್‌ಗೆ ಕಳಿಸುತ್ತೇನೆ" ಅಂದರು. ಅಷ್ಟು ದೊಡ್ಡ ಯಂತ್ರ ಹೇಳಿದ್ದನ್ನು ಡಾಕ್ಟರೇ ನಂಬುವುದಿಲ್ಲ ಎಂದರೆ ನಾವು ಯಾರನ್ನು ನಂಬುವುದು?

ಮದ್ದಿನ ಬಗ್ಗೆ ಕೇಳುತ್ತಿಲ್ಲ, ಅದನ್ನು ಅವರು ನೋಡಿಕೊಳ್ಳುತ್ತಿದ್ದಾರೆ. ಯಂತ್ರ ಎಂತ ಮಾಡುತ್ತದೆ ಎಂದು ಯಾರಾದರೂ ಕನ್ನಡದಲ್ಲಿ ಹೇಳಿ. ರಾತ್ರಿ ವಾರ್ಡಿನ ಹೊರಗೆ ಕುಳಿತವನಿಗೆ ಬೇರೆ ಕೆಲಸವೂ ಇಲ್ಲ.

ಉಪ್ಪಳ_ಲೋಕಲ್
ಬೇಗ ಗುಣ ಆಗಲಿ ಅಣ್ಣ. ಆದರೆ ಥೈಲ್ಯಾಂಡ್ ಎಲ್ಲಿಂದ ಬಂತು? ನಿಮ್ಮಪ್ಪ ತಲಪಾಡಿ ಗಡಿ ದಾಟುವುದೇ ಅಪರೂಪ ಅಲ್ವಾ!

ಕುಡ್ಲ_ಲ್ಯಾಬ್
ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಬೇರೆ ಆಸ್ಪತ್ರೆ, ಆದರೆ ಇದೇ ಯಂತ್ರ. ದಿನಾ ಮಾಡುವ ಕೆಲಸ ಹೇಳುತ್ತೇನೆ.

ಕಲ್ಚರ್ ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಹಲ್ಲುಕಡ್ಡಿಯ ತುದಿಯಲ್ಲಿ ಒಂಚೂರು ತೆಗೆಯುತ್ತೇವೆ. ಹೌದು, ಹೋಟೆಲಿನ ಕ್ಯಾಶ್ ಕೌಂಟರಲ್ಲಿ ಇಡುವಂಥದ್ದೇ, ಸ್ಟೆರೈಲ್ ಮಾಡಿದ್ದು. ಸ್ಟೀಲ್ ತಗಡಿನ ಮೇಲೆ ಸಾಲಾಗಿ 96 ಚುಕ್ಕಿಗಳಿರುತ್ತವೆ, ಅದರಲ್ಲಿ ಒಂದರ ಮೇಲೆ ತೆಳ್ಳಗೆ ಸವರುತ್ತೇವೆ. ದಪ್ಪ ಸವರಿದರೆ ಕೆಟ್ಟಿತು. ಅದರ ಮೇಲೆ ಮ್ಯಾಟ್ರಿಕ್ಸ್ ಎನ್ನುವ ದ್ರಾವಣ ಒಂದು ಹನಿ. ಒಣಗಿದಾಗ ಸಣ್ಣ ಹರಳು ಕಟ್ಟುತ್ತದೆ. ಒಳಗೆ ಗಾಳಿಯೆಲ್ಲ ತೆಗೆದ ಕೊಳವೆ ಇದೆ. ಲೇಸರ್ ಹೊಡೆದ ಕೂಡಲೇ ಹರಳು ಕುಂಬಳೆ ಬೆಡಿಯ (ಜಾತ್ರೆಯ ಸಿಡಿಮದ್ದಿನ) ಹಾಗೆ ಸಿಡಿಯುತ್ತದೆ, ಅದರ ಜೊತೆ ಬ್ಯಾಕ್ಟೀರಿಯಾದ ಪ್ರೋಟೀನುಗಳೂ ಹಾರುತ್ತವೆ. ಎಲ್ಲಕ್ಕೂ ವಿದ್ಯುತ್ತಿನಿಂದ ಒಂದೇ ನೂಕು. ಹಗುರದ್ದು ಮೊದಲು ಆ ತುದಿ ಮುಟ್ಟುತ್ತದೆ, ಭಾರದ್ದು ಆಮೇಲೆ. ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು ತೂಕ ಲೆಕ್ಕ ಹಾಕುವುದು.

ಸಿಗುವುದು ಗೆರೆಗಳ ಒಂದು ಚಿತ್ರ, ಅಷ್ಟೇ. 2,000ದಿಂದ 20,000 ಡಾಲ್ಟನ್ ನಡುವೆ ಎಲ್ಲೆಲ್ಲಿ ಗೆರೆ ಎದ್ದಿದೆ ಎಂದು. ಒಂದು ಡಾಲ್ಟನ್ ಅಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ. ಆ ಗೆರೆಗಳಲ್ಲಿ ಜಾಸ್ತಿ ರೈಬೋಸೋಮಿನ (ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಭಾಗದ) ಪ್ರೋಟೀನುಗಳೇ. ಕಂಪ್ಯೂಟರ್ ತನ್ನ ಸಂಗ್ರಹದಲ್ಲಿರುವ ಚಿತ್ರಗಳ ಜೊತೆ ಇದನ್ನು ಹೋಲಿಸಿ, ಯಾವುದಕ್ಕೆ ಹತ್ತಿರವೋ ಆ ಹೆಸರು ಕೊಡುತ್ತದೆ. ನಮ್ಮ ಯಂತ್ರದ ಲೆಕ್ಕದಲ್ಲಿ ಸ್ಕೋರ್ 2ರ ಮೇಲೆ ಬಂದರೆ ಜಾತಿ, ಪ್ರಭೇದ ಎರಡನ್ನೂ ಒಪ್ಪುತ್ತೇವೆ. 1.7 ಮತ್ತು 2ರ ನಡುವೆ ಬಂದರೆ ಜಾತಿ ಮಾತ್ರ. ಅಂದರೆ ಮನೆತನ ಗೊತ್ತಾಯಿತು, ಆಳು ಯಾರೆಂದು ಗೊತ್ತಾಗಲಿಲ್ಲ. ನಿಮ್ಮದು 1.93.

ಪೆರ್ಲದ_ಅಕ್ಕ
ಕುಡ್ಲದವರು ಚೆನ್ನಾಗಿ ಹೇಳಿದ್ದಾರೆ. ನಾನು ಬೆಂಗಳೂರಿನಲ್ಲಿ ಪ್ರೋಟೀನ್ ಲ್ಯಾಬಿನಲ್ಲಿದ್ದೇನೆ, ಊರು ಪೆರ್ಲ. ಥೈಲ್ಯಾಂಡಿನ ಗಂಟು ಬಿಡಿಸುತ್ತೇನೆ.

ಬರ್ಖೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಮನುಷ್ಯರಿಗೆ ರೋಗ ತರುವುದು ತೀರಾ ಅಪರೂಪ. ಅದರ ಹತ್ತಿರದ ನೆಂಟ ಒಂದಿದೆ, ಬರ್ಖೋಲ್ಡೇರಿಯಾ ಸ್ಯೂಡೋಮಲ್ಲೈ. ಅದು ಬೇರೆಯೇ ಪ್ರಾಣಿ. ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುತ್ತದೆ. ಮೆಲಿಯಾಯ್ಡೋಸಿಸ್ ಎನ್ನುವ ಕಾಯಿಲೆ ತರುತ್ತದೆ. ಶುಗರ್ ಇದ್ದವರಿಗೆ ಅಪಾಯ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತದೆ, ಮಣಿಪಾಲ, ಮಂಗಳೂರಿನ ಡಾಕ್ಟರುಗಳಿಗೆ ಹೊಸದಲ್ಲ. ಇದನ್ನು ಮೊದಲು ಗುರುತಿಸಿದ್ದು ರಂಗೂನಿನಲ್ಲಿ, ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ಇಬ್ಬರು, 1911-12ರ ಹೊತ್ತಿಗೆ.

ಈ ಎರಡರ ಪ್ರೋಟೀನ್ ಚಿತ್ರ ಅಣ್ಣತಮ್ಮಂದಿರ ಮುಖದ ಹಾಗೆ. ಯಂತ್ರದ ಸಂಗ್ರಹದಲ್ಲಿ ಥೈಲ್ಯಾಂಡೆನ್ಸಿಸ್ ಚಿತ್ರ ಇದ್ದು, ಸ್ಯೂಡೋಮಲ್ಲೈ ಚಿತ್ರ ಇಲ್ಲದಿದ್ದರೆ ಯಂತ್ರ ಪಾಪ ಎಂತ ಮಾಡಬೇಕು? ಇದ್ದುದರಲ್ಲಿ ಹತ್ತಿರದ ಹೆಸರು ಹೇಳುತ್ತದೆ. ಇದು ಗೊತ್ತಿರುವ ತಪ್ಪೇ, ಬೇರೆ ದೇಶಗಳಲ್ಲೂ ಆಗಿದೆ. ನಿಮ್ಮ ಡಾಕ್ಟರ್ ಶುಗರ್, ಮಳೆ, ಮಣ್ಣು, ಬರಿಗಾಲು ಎಲ್ಲ ಕೇಳಿಕೊಂಡು ಈ ಕಾಗದ ನೋಡಿದ್ದಾರೆ. ಸಂಶಯ ಪಟ್ಟದ್ದು ಒಳ್ಳೆಯದೇ ಆಯಿತು.

ಬೇಳದ_ತೋಟ
ಅಕ್ಕಾ, ಡಾಕ್ಟರ್ ಹೇಳಿದ್ದೂ ಇದೇ ಕಾಯಿಲೆಯ ಹೆಸರು! ಪಿಸಿಆರ್ ಬರುವ ಮೊದಲೇ ಅದೇ ಲೆಕ್ಕದಲ್ಲಿ ಇಂಜೆಕ್ಷನ್ ಶುರು ಮಾಡಿದ್ದಾರೆ. ನನಗೆ ಆಗ ತಲೆಗೆ ಹೋಗಲಿಲ್ಲ.

ಮುಳ್ಳೇರಿಯ_ಮಾಷ್ಟ್ರು
ನಾನು ರಿಟೈರ್ಡ್ ಲೆಕ್ಕದ ಮಾಷ್ಟ್ರು. ಜೀವಶಾಸ್ತ್ರ ಗೊತ್ತಿಲ್ಲ, ಆದರೆ ಈ ರೋಗ ನಮಗೆ ಹಳೇದು ಮಾರಾಯ್ರೇ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಪಟ್ಟಿಯಲ್ಲಿ ಇರುವ ಹತ್ತಿರದ ಹೆಸರಿಗೆ ತಿದ್ದುವುದು! ಕೇರಳದ ಪಟ್ಟಿಯಲ್ಲಿ ನಮ್ಮ ಕುಂಬಳೆ ಕುಂಬಳ ಆಯಿತು, ಮಂಜೇಶ್ವರ ಮಂಜೇಶ್ವರಂ ಆಯಿತು. ನನ್ನ ರೇಷನ್ ಕಾರ್ಡಿನಲ್ಲಿ ಇರುವ ಮನುಷ್ಯನನ್ನು ನಾನು ಇಷ್ಟರವರೆಗೆ ಭೇಟಿ ಆಗಿಲ್ಲ.

ಒಂದು ಪ್ರಶ್ನೆ. ಬ್ಯಾಕ್ಟೀರಿಯಾಕ್ಕೆ ಚಿತ್ರ ಹೋಲಿಸಿದರೆ ಸಾಕು, ಸರಿ. ಒಂದು ಪ್ರೋಟೀನ್ ಇಂಥದ್ದೇ ಎಂದು ಹೇಳಬೇಕಾದರೆ? ಒಂದೇ ತೂಕದ ಎರಡು ವಸ್ತು ಇರಬಹುದಲ್ಲ?

ಪೆರ್ಲದ_ಅಕ್ಕ
ಸರಿಯಾದ ಜಾಗಕ್ಕೆ ಬಂದಿರಿ ಮಾಷ್ಟ್ರೇ. ಇಡೀ ಪ್ರೋಟೀನಿನ ತೂಕ ಒಂದೇ ಸಾಕಾಗುವುದಿಲ್ಲ. ಅದಕ್ಕೆ ಮೊದಲು ಕತ್ತರಿಸುತ್ತೇವೆ. ಪ್ರೋಟೀನ್ ಅಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಟ್ರಿಪ್ಸಿನ್ ಎಂಬ ಎನ್‌ಜೈಮ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಅದು ಲೈಸಿನ್ ಮತ್ತು ಅರ್ಜಿನಿನ್ ಎಂಬ ಎರಡು ಮಣಿಗಳ ನಂತರ ಮಾತ್ರ ತುಂಡು ಮಾಡುತ್ತದೆ. ಮುಂದಿನ ಮಣಿ ಪ್ರೋಲಿನ್ ಆದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಹೀಗೆ ಸಿಕ್ಕ ತುಂಡುಗಳೇ ಪೆಪ್ಟೈಡ್.

ಆಮೇಲೆ ಒಳಗೆ ಕೂದಲಿನಷ್ಟೇ ಸಪುರವಾದ ಕೊಳವೆಯಲ್ಲಿ ಅವನ್ನು ಹಾಯಿಸಿ ಒಂದೊಂದಾಗಿ ಬೇರ್ಪಡಿಸುತ್ತೇವೆ. ಕೊಳವೆಯ ತುದಿಯಲ್ಲಿ ಸುಮಾರು 2,000 ವೋಲ್ಟ್. ಹನಿಗಳು ಮಂಜಿನ ಹಾಗೆ ಚದುರಿ ಆರಿ, ಪೆಪ್ಟೈಡ್ ಮಾತ್ರ ಚಾರ್ಜ್ ಹೊತ್ತು ಯಂತ್ರದ ಒಳಗೆ ಹೋಗುತ್ತದೆ. ಯಂತ್ರ ಮೊದಲು ಪೆಪ್ಟೈಡನ್ನು ತೂಗುತ್ತದೆ. ನಂತರ ಅನಿಲದ ಕಣಗಳಿಗೆ ಡಿಕ್ಕಿ ಹೊಡೆಸಿ ಮುರಿದು, ಚೂರುಗಳನ್ನು ಮತ್ತೆ ತೂಗುತ್ತದೆ. ಗುಟ್ಟು ಇರುವುದು ಈ ಎರಡನೇ ತೂಕದಲ್ಲಿ.

ಬಸ್ಸಿನ ಟಿಕೆಟ್ ನೆನಪು ಮಾಡಿಕೊಳ್ಳಿ. ಕಾಸರಗೋಡಿನಿಂದ ಹೊರಟ ಬಸ್ಸಿನ ದರಗಳು ಮಾತ್ರ ಗೊತ್ತು, ಸ್ಟಾಪುಗಳ ಹೆಸರು ಗೊತ್ತಿಲ್ಲ ಅಂದುಕೊಳ್ಳಿ. ಒಂದು ಸ್ಟಾಪಿನಿಂದ ಮುಂದಿನದಕ್ಕೆ ದರ ಎಷ್ಟು ಏರಿತು ಎಂದು ನೋಡಿ ಸ್ಟಾಪ್ ಯಾವುದೆಂದು ಹೇಳಬೇಕು. ಸರದ ಬಾಲದ ಕಡೆಯಿಂದ ಚೂರುಗಳ ತೂಕ 175, 288, 387, 458 ಎಂದು ಬಂತು ಎನ್ನಿ. ಮಣಿಗಳ ತೂಕ ಹೀಗೆ: ಗ್ಲೈಸಿನ್ 57, ಅಲನಿನ್ 71, ಸೆರಿನ್ 87, ವ್ಯಾಲಿನ್ 99, ಲ್ಯೂಸಿನ್ 113, ಅರ್ಜಿನಿನ್ 156. ಕೊನೆಯ ಮಣಿಯ ತೂಕಕ್ಕೆ ನೀರಿನ 18, ಚಾರ್ಜ್ ಕೊಟ್ಟ ಪ್ರೋಟಾನಿನ 1 ಸೇರಿಸಿಕೊಳ್ಳಿ. ಈಗ ನೀವೇ ಬಿಡಿಸಿ ಮಾಷ್ಟ್ರೇ.

ಮುಳ್ಳೇರಿಯ_ಮಾಷ್ಟ್ರು
156, 18, 1 ಕೂಡಿದರೆ 175. ಆದ್ದರಿಂದ ಬಾಲದಲ್ಲಿ ಅರ್ಜಿನಿನ್. 288ರಿಂದ 175 ಕಳೆದರೆ 113, ಲ್ಯೂಸಿನ್. 387ರಿಂದ 288 ಹೋದರೆ 99, ವ್ಯಾಲಿನ್. ಕೊನೆಗೆ 71, ಅಲನಿನ್. ಅಲನಿನ್, ವ್ಯಾಲಿನ್, ಲ್ಯೂಸಿನ್, ಅರ್ಜಿನಿನ್. ಏಳನೇ ಕ್ಲಾಸಿನ ಕಳೆಯುವ ಲೆಕ್ಕ ಇದು! ಇದಕ್ಕೆ ಕೋಟಿಗಟ್ಟಲೆ ಖರ್ಚೇ?

ಪೆರ್ಲದ_ಅಕ್ಕ
ಪೂರ್ತಿ ಅಂಕ. ಆದರೆ ಒಂದು ಮೋಸ ಮಾಡಿದ್ದೆ. ಐಸೋಲ್ಯೂಸಿನ್ ಎಂಬ ಇನ್ನೊಂದು ಮಣಿ ಉಂಟು, ಅದೂ 113.084. ಲ್ಯೂಸಿನ್‌ಗೂ ಅದಕ್ಕೂ ಪರಮಾಣುಗಳು ಅಷ್ಟೇ, ಜೋಡಣೆ ಮಾತ್ರ ಬೇರೆ. ಒಂದೇ ದರದ ಎರಡು ಸ್ಟಾಪು. ಮಾಮೂಲಿ ರೀತಿಯಲ್ಲಿ ಮುರಿದು ತೂಗಿದರೆ ಎಷ್ಟು ಬೆಲೆಯ ಯಂತ್ರವೂ ಇವನ್ನು ಬೇರೆ ಮಾಡುವುದಿಲ್ಲ. ಇನ್ನೊಂದು ಉಂಟು: ಎರಡು ಗ್ಲೈಸಿನ್ ಸೇರಿದರೆ 114.043, ಒಂದು ಆಸ್ಪರಜಿನ್ ಕೂಡ 114.043. ನಡುವೆ ಒಂದು ಗೆರೆ ಏಳದೆ ಹೋದರೆ ಎರಡು ಸ್ಟಾಪನ್ನು ಒಂದು ಅಂದುಕೊಂಡು ಮುಂದೆ ಹೋಗುತ್ತೇವೆ.

ಖರ್ಚು ಎಂತಕ್ಕೆ ಎಂದರೆ, ಲೈಸಿನ್ 128.095, ಗ್ಲುಟಮಿನ್ 128.059. ವ್ಯತ್ಯಾಸ 0.036. ಒಂದು ಗಂಟೆಯಲ್ಲಿ ಸಾವಿರಾರು ಪೆಪ್ಟೈಡ್ ಹಾದು ಹೋಗುವಾಗ ಇದನ್ನು ತಪ್ಪದೆ ತೂಗಬೇಕು.

ಸಂಶಯ_ಪಿಶಾಚಿ
ಎಲ್ಲ ಚಂದ. ಆದರೆ ನೀವೇ ಹೇಳಿದ್ದು, ಪಟ್ಟಿಯಲ್ಲಿ ಇಲ್ಲದ್ದಕ್ಕೆ ಹತ್ತಿರದ ಹೆಸರು ಅಂಟಿಸುತ್ತದೆ ಎಂದು. ಹಾಗಾದರೆ ನೀವು ಸಾವಿರ ಪ್ರೋಟೀನ್ ಸಿಕ್ಕಿತು ಎಂದು ಪೇಪರ್ ಬರೆಯುವಾಗ ಅದರಲ್ಲಿ ಎಷ್ಟು ಸುಳ್ಳು?

ಪೆರ್ಲದ_ಅಕ್ಕ
ಅದನ್ನು ಅಳೆಯಲು ನಾವೇ ಸುಳ್ಳು ಹೆಸರು ಸೇರಿಸುತ್ತೇವೆ. ತಮಾಷೆ ಅಲ್ಲ. ನಿಜವಾದ ಪ್ರೋಟೀನುಗಳ ಪಟ್ಟಿಯ ಜೊತೆಗೆ ಅದನ್ನೇ ತಿರುಗಿಸಿ ಬರೆದ ಇನ್ನೊಂದು ಪಟ್ಟಿ. ಅಂಥ ಪ್ರೋಟೀನ್ ಎಲ್ಲಿಯೂ ಇಲ್ಲ. ಅದಕ್ಕೂ ಎಷ್ಟು ಹೊಂದಿಕೆ ಬಂತು ಎಂದು ಎಣಿಸಿದರೆ ನಿಜವಾದ ಪಟ್ಟಿಯಲ್ಲೂ ಸುಮಾರು ಅಷ್ಟೇ ಆಕಸ್ಮಿಕ ಎಂದು ತಿಳಿಯುತ್ತದೆ. ಸಾಮಾನ್ಯವಾಗಿ ನೂರಕ್ಕೆ ಒಂದರೊಳಗೆ ನಿಲ್ಲುವ ಹಾಗೆ ಗೆರೆ ಎಳೆಯುತ್ತೇವೆ.

ಮುಳ್ಳೇರಿಯ_ಮಾಷ್ಟ್ರು
ಇದನ್ನು ನಾನು ಕ್ಲಾಸಿನಲ್ಲಿ ಮಾಡಿದ್ದೇನೆ! ಹಾಜರಿ ಕರೆಯುವಾಗ ಇಲ್ಲದ ಹುಡುಗನ ಹೆಸರು ಒಂದು ನಡುವೆ ಸೇರಿಸುವುದು. ಹಿಂದಿನ ಬೆಂಚಿನಿಂದ "ಪ್ರೆಸೆಂಟ್ ಸಾರ್" ಬಂದರೆ ಅವತ್ತು ಎಲ್ಲರ ತಲೆ ಎಣಿಸುತ್ತಿದ್ದೆ.

ಸಂಶಯ_ಪಿಶಾಚಿ
ಆದರೂ 2014ರಲ್ಲಿ ದೊಡ್ಡ ಗಲಾಟೆ ಆಯಿತಲ್ಲ, ಮನುಷ್ಯನ ಪ್ರೋಟೀನ್ ನಕ್ಷೆ ಎಂದು ಎರಡು ತಂಡ ಬರೆದದ್ದು?

ಪೆರ್ಲದ_ಅಕ್ಕ
ಆಯಿತು, ಮುಚ್ಚಿಡುವುದು ಎಂತಕ್ಕೆ. ಅದರಲ್ಲಿ ಒಂದು ತಂಡದಲ್ಲಿ ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಇದ್ದರು, ಜಾನ್ಸ್ ಹಾಪ್ಕಿನ್ಸ್‌ನ ಅಖಿಲೇಶ್ ಪಾಂಡೆ ಅವರ ಜೊತೆ. ನೇಚರ್ ಪತ್ರಿಕೆಯಲ್ಲಿ ಬಂತು. 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ನೋಡಿ 17,294 ಜೀನುಗಳ ಪ್ರೋಟೀನ್ ಸಿಕ್ಕಿತು ಎಂದರು. ಆಗ ಬೆಂಗಳೂರಿನಲ್ಲಿ ನಾವೆಲ್ಲ ಎದೆ ಉಬ್ಬಿಸಿ ತಿರುಗಿದ್ದು ನಿಜ. ಆಮೇಲೆ ಬೇರೆಯವರು ಕೇಳಿದರು: ವಾಸನೆ ಹಿಡಿಯುವ ಪ್ರೋಟೀನುಗಳು ಎರಡೂ ಪಟ್ಟಿಯಲ್ಲಿ ಇವೆ, ಆದರೆ ನೀವು ಮೂಗಿನ ಅಂಗಾಂಶ ಪರೀಕ್ಷೆ ಮಾಡಿಯೇ ಇಲ್ಲವಲ್ಲ? ಇಲ್ಲದ ಹುಡುಗ "ಪ್ರೆಸೆಂಟ್" ಅಂದಿದ್ದ. ಗೆರೆ ಇನ್ನೂ ಬಿಗಿಯಾಗಿ ಎಳೆಯಬೇಕಿತ್ತು ಎಂಬ ಮಾತು ಸರಿ. ಕೆಲಸ ದೊಡ್ಡದು ಎನ್ನುವುದೂ ಸರಿ.

ಒಟ್ಟು ನಾನು ಹೇಳುವುದು ಇಷ್ಟು. ಯಂತ್ರ ತೂಗುತ್ತದೆ, ಹೆಸರು ಇಡುವುದು ಪಟ್ಟಿ. ತಕ್ಕಡಿ ಎಷ್ಟು ಒಳ್ಳೆಯದಾದರೂ ಪಟ್ಟಿ ಯಾರದ್ದು ಎಂದು ಕೇಳಬೇಕು.

ಹೊಸದುರ್ಗದ_ತಂಗಿ
ಅಕ್ಕಾ, ನಾನು ಎಂ.ಎಸ್‌ಸಿ. ಮಾಡುತ್ತಿದ್ದೇನೆ. ಅಡಿಕೆಯ ಹಳದಿ ಎಲೆ ರೋಗದ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ. ರೋಗ ಬಂದ ಎಲೆ, ಬಾರದ ಎಲೆ ಎರಡರ ಪ್ರೋಟೀನ್ ತೆಗೆದು ಹೋಲಿಸಿದರೆ ಆಗಬಹುದಾ?

ಪೆರ್ಲದ_ಅಕ್ಕ
ಆಗಬಹುದು ತಂಗಿ, ಆದರೆ ಎರಡು ಕಷ್ಟ ಮೊದಲೇ ತಿಳಿದಿರು.

ಒಂದು, ಎಲೆಯಲ್ಲಿ ರುಬಿಸ್ಕೋ ಎಂಬ ಒಂದೇ ಪ್ರೋಟೀನ್ ತುಂಬಿಕೊಂಡಿರುತ್ತದೆ. ಕರಗುವ ಪ್ರೋಟೀನಿನಲ್ಲಿ ಅರ್ಧದಷ್ಟು ಅದೇ ಇರಬಹುದು. ನೀನು ಹುಡುಕುವುದು ಈ ರೋಗ ತರುವ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪ್ರೋಟೀನ್, ಅದು ಎಷ್ಟೋ ಕಡಿಮೆ. ಯಕ್ಷಗಾನದಲ್ಲಿ ಚೆಂಡೆ ಬಿಡ್ತಿಗೆ ಹೊಡೆಯುವಾಗ ಹಿಂದೆ ಕುಳಿತವರ ಪಿಸುಮಾತು ಕೇಳಿದ ಹಾಗೆ. ಮೊದಲು ಚೆಂಡೆ ನಿಲ್ಲಿಸುವ ಉಪಾಯ ಬೇಕು. ರಕ್ತದಲ್ಲೂ ಇದೇ ಪಾಡು, ಅಲ್ಲಿ ಆಲ್ಬ್ಯುಮಿನ್ ಚೆಂಡೆ. "ಒಂದು ಹನಿ ರಕ್ತದಲ್ಲಿ ಎಲ್ಲ ಕಾಯಿಲೆ ಪತ್ತೆ" ಎಂಬ ಜಾಹೀರಾತು ನೋಡಿದರೆ ನನಗೆ ನಗು ಬರುವುದು ಇದಕ್ಕೇ.

ಎರಡು, ಮತ್ತೆ ಪಟ್ಟಿ. ತೆಂಗಿನ ಜೀನೋಮ್ 2017ರಲ್ಲೇ ಪ್ರಕಟ ಆಯಿತು. ಅಡಿಕೆಗೆ ಭತ್ತ, ಗೋಧಿಯಷ್ಟು ತಿದ್ದಿ ತೀಡಿದ ಪ್ರೋಟೀನ್ ಪಟ್ಟಿ ಇಲ್ಲ. ತೆಂಗು, ತಾಳೆ, ಖರ್ಜೂರದ ಪಟ್ಟಿ ಸೇರಿಸಿ ಹುಡುಕಬೇಕು. ಎಲ್ಲ ಒಂದೇ ಕುಟುಂಬ ನಿಜ, ಆದರೆ ಒಂದು ಮಣಿ ಬದಲಾದರೂ ತೂಕ ತಪ್ಪುತ್ತದೆ. ನಿನಗೆ ಹತ್ತಿರವೇ ಕಾಸರಗೋಡಿನ ಸಿಪಿಸಿಆರ್‌ಐ (ತೋಟ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಉಂಟಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಮೊದಲು ಅಲ್ಲಿ ಹೋಗಿ ಕೇಳು. ಎಲೆ ಕೊಯ್ಯುವ ಮೊದಲು.

ಹೊಸದುರ್ಗದ_ತಂಗಿ
ಥ್ಯಾಂಕ್ಸ್ ಅಕ್ಕಾ. ಸ್ಯಾಂಪಲ್ ಮಾಡುವಾಗ ಎಂತ ಜಾಗ್ರತೆ?

ಪೆರ್ಲದ_ಅಕ್ಕ
ಕೂದಲು ಕಟ್ಟು, ಗ್ಲೌಸ್ ಹಾಕು, ಉಣ್ಣೆ ಹಾಕಬೇಡ. ಈ ಕೊನೆಯದನ್ನು ನಾನು ಕಲಿತ ಕಥೆ ಕೇಳು.

ಮೊದಲ ವರ್ಷ. ತೆಂಗಿನಕಾಯಿ ತಿರುಳಿನ ಪ್ರೋಟೀನ್ ತೆಗೆದು, ಜೆಲ್‌ನಲ್ಲಿ ಓಡಿಸಿ, ಬ್ಲೇಡಿನಿಂದ ಸಣ್ಣ ಸಣ್ಣ ಚೌಕ ಕತ್ತರಿಸಿ, ಮೂರು ದಿನ ಊಟ ನಿದ್ರೆ ಬಿಟ್ಟು ತಯಾರು ಮಾಡಿದೆ. ಲ್ಯಾಬಿನ ಎ.ಸಿ. ಚಳಿಗೆ ಅಮ್ಮ ಕೊಟ್ಟ ಉಣ್ಣೆ ಶಾಲು ಹೊದ್ದುಕೊಂಡಿದ್ದೆ. ಮಾರನೇ ದಿನ ಫಲಿತಾಂಶ ತೆರೆದರೆ ಮೇಲಿನ ನಾಲ್ಕು ಹೆಸರು ಕೆರಟಿನ್, ಮನುಷ್ಯನ ಚರ್ಮದ್ದು. ಅಂದರೆ ನನ್ನದು. ಐದನೆಯದು ಕುರಿಯ ಕೆರಟಿನ್. ಆರನೆಯದು ಹಂದಿಯ ಟ್ರಿಪ್ಸಿನ್, ಯಾಕೆಂದರೆ ನಾವು ಕತ್ತರಿಸಲು ಹಾಕುವ ಟ್ರಿಪ್ಸಿನ್ ಸಾಮಾನ್ಯವಾಗಿ ಹಂದಿಯದ್ದೇ, ಅದು ತನ್ನನ್ನೂ ಕತ್ತರಿಸಿಕೊಳ್ಳುತ್ತದೆ. ತೆಂಗು ಏಳನೇ ಸ್ಥಾನದಲ್ಲಿ! ಗೈಡ್ ನೋಡಿ, "ಇದು ತೆಂಗಿನಕಾಯಿಯೋ, ಬಾಡೂಟವೋ?" ಅಂದರು. ಮನೆಯಲ್ಲಿ ಈ ಕಥೆ ಇನ್ನೂ ಹೇಳಿಲ್ಲ. ಅಮ್ಮನಿಗೆ ಶಾಲಿನ ವಿಷಯಕ್ಕೆ ಬೇಸರ, ಅಜ್ಜಿಗೆ ಹಂದಿಯ ವಿಷಯಕ್ಕೆ.

ಉಪ್ಪಳ_ಲೋಕಲ್
ತೆಂಗಿನಕಾಯಿಯಲ್ಲಿ ಹಂದಿ ಮತ್ತು ಕುರಿ. ಇನ್ನು ಚಟ್ನಿ ತಿನ್ನುವುದು ಹೇಗೆ ಅಕ್ಕಾ?

ಕುಡ್ಲ_ಲ್ಯಾಬ್
ಎಡವಟ್ಟಿನಿಂದ ನೊಬೆಲ್ ಬಂದದ್ದೂ ಇದೇ ಕ್ಷೇತ್ರದಲ್ಲಿ. ಜಪಾನಿನ ಕೊಯಿಚಿ ತನಾಕ ಶಿಮಾಡ್ಜು ಕಂಪನಿಯಲ್ಲಿ ಇಂಜಿನಿಯರ್, ಪಿಎಚ್.ಡಿ. ಇಲ್ಲ. 1985ರಲ್ಲಿ ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿದರು. ಪುಡಿ ದುಬಾರಿ, ಚೆಲ್ಲಲು ಮನಸ್ಸು ಬರಲಿಲ್ಲ. ಹಾಗೇ ಲೇಸರಿಗೆ ಹಿಡಿದರು. ದೊಡ್ಡ ಅಣುಗಳು ಒಡೆಯದೆ ಹಾರಿದವು. 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್, ಆಗ ವಯಸ್ಸು 43. ಮೇಲೆ ಅಕ್ಕ ಹೇಳಿದ ಹನಿ ಚಿಮ್ಮಿಸುವ ವಿಧಾನಕ್ಕೆ ಜಾನ್ ಫೆನ್ ಅವರಿಗೂ ಅದೇ ವರ್ಷ ಸಿಕ್ಕಿತು. ನಾವು ಬಳಸುವ ಮ್ಯಾಟ್ರಿಕ್ಸ್ ಹರಳಿನ ವಿಧಾನ ಜರ್ಮನಿಯ ಹಿಲೆನ್‌ಕಾಂಪ್ ಮತ್ತು ಕರಾಸ್ ಅವರದ್ದು. ಅವರಿಗೆ ನೊಬೆಲ್ ಸಿಗಲಿಲ್ಲ. ನನ್ನ ಮಟ್ಟಿಗೆ ಅದು ಅನ್ಯಾಯ, ದಿನಾ ಆ ಹನಿ ಹಾಕುವವನು ನಾನು.

ಬೇಳದ_ತೋಟ
ಓದುತ್ತಾ ಬೆಳಗಾಯಿತು. ಇನ್ನೊಂದು ಪ್ರಶ್ನೆ. ಪಕ್ಕದ ಬೆಡ್ಡಿನವರಿಗೆ ಹಾವು ಕಚ್ಚಿದ್ದು. ವಿಷವೂ ಪ್ರೋಟೀನ್ ಎನ್ನುತ್ತಾರಲ್ಲ?

ಪೆರ್ಲದ_ಅಕ್ಕ
ಹೌದು, ಹಾವಿನ ವಿಷ ಬಹುಪಾಲು ಪ್ರೋಟೀನೇ. ಕೊಳಕುಮಂಡಲದ್ದು ರಕ್ತ ಹೆಪ್ಪುಗಟ್ಟುವ ಕ್ರಮ ಕೆಡಿಸುತ್ತದೆ, ನಾಗರನದ್ದರಲ್ಲಿ ನರಕ್ಕೆ ಹೊಡೆಯುವ ಸಣ್ಣ ಪ್ರೋಟೀನ್ ಜಾಸ್ತಿ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದಾಗ ಗೊತ್ತಾದದ್ದು, ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆ ಬೇರೆ. ನಮ್ಮ ದೇಶದ ಸಾಮಾನ್ಯ ಆಂಟಿವೆನಮ್ ನಾಲ್ಕೇ ಹಾವಿನ ಲೆಕ್ಕದಲ್ಲಿ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೇರಳದ ತೋಟಗಳಲ್ಲಿ ಮೂಗು ಮೇಲೆದ್ದ ಸಣ್ಣ ಮಂಡಲ ಒಂದು ಉಂಟಲ್ಲ, ಅದು ಈ ನಾಲ್ಕರಲ್ಲಿ ಇಲ್ಲ.

ಮುಳ್ಳೇರಿಯ_ಮಾಷ್ಟ್ರು
ಅದಕ್ಕೂ ರೇಷನ್ ಕಾರ್ಡ್ ಇಲ್ಲ ಎನ್ನಿ.

ಸಂಶಯ_ಪಿಶಾಚಿ
ಕೊನೆಯ ಸಂಶಯ. ನಮ್ಮ ಎಂಡೋಸಲ್ಫಾನ್ ಪರೀಕ್ಷೆಯೂ ಇದೇ ಯಂತ್ರವಾ?

ಪೆರ್ಲದ_ಅಕ್ಕ
ಅಣ್ಣತಮ್ಮ ಎನ್ನಬಹುದು. ಎಂಡೋಸಲ್ಫಾನ್ ಕೀಟನಾಶಕ, ಪ್ರೋಟೀನ್ ಅಲ್ಲ, ಸಣ್ಣ ಅಣು. ಅದನ್ನು ಬಿಸಿ ಮಾಡಿ ಆವಿಯಾಗಿ ಹಾಯಿಸಬಹುದು. ಪ್ರೋಟೀನನ್ನು ಹಾಗೆ ಬಿಸಿ ಮಾಡಿದರೆ ಸೀದು ಹೋಗುತ್ತದೆ. ತನಾಕ, ಫೆನ್ ಅವರ ಕೆಲಸ ಅಷ್ಟು ದೊಡ್ಡದಾದದ್ದು ಅದಕ್ಕೇ.

ಬೇಳದ_ತೋಟ (ಐದು ದಿನದ ನಂತರ)
ಪಿಸಿಆರ್ ಬಂತು. ಸ್ಯೂಡೋಮಲ್ಲೈ. ಡಾಕ್ಟರ್ ಸಂಶಯ ಸರಿ. ಜ್ವರ ಇಳಿದಿದೆ, ನಿನ್ನೆ ಗಂಜಿಗೆ ಉಪ್ಪಿನಕಾಯಿ ಕೇಳಿದರು. ಇಂಜೆಕ್ಷನ್ ಇನ್ನೂ ಸ್ವಲ್ಪ ದಿನ, ಆಮೇಲೆ ಮೂರು ತಿಂಗಳು ಮಾತ್ರೆ ತಪ್ಪಿಸಬಾರದು ಅಂದಿದ್ದಾರೆ. ಅಪ್ಪನಿಗೆ ಇರುವ ಚಿಂತೆ ಒಂದೇ, ಅಡಿಕೆಗೆ ಎರಡನೇ ಸಲ ಮದ್ದು ಬಿಡುವವರು ಯಾರು ಎಂದು.

ಲ್ಯಾಬಿನವರು ಆ ಬ್ಯಾಕ್ಟೀರಿಯಾದ ಚಿತ್ರವನ್ನು ತಮ್ಮ ಸಂಗ್ರಹಕ್ಕೆ ಸೇರಿಸುತ್ತಾರಂತೆ. ಹೊಸ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು ಸರಿ ಉಂಟು. ಅಪ್ಪನ ಹೆಸರು ತಪ್ಪಿದೆ. ಕೊನೆಯಲ್ಲಿ ಒಂದು 'ನ್' ಸೇರಿಕೊಂಡಿದೆ, ಆಧಾರಿನಲ್ಲಿ ಇದ್ದ ಹಾಗೇ.

ಮುಳ್ಳೇರಿಯ_ಮಾಷ್ಟ್ರು
ಡಿಸ್ಚಾರ್ಜ್ ಆಗುವ ಮೊದಲು ತಿದ್ದಿಸಿಕೊಳ್ಳಿ ಮಾರಾಯ್ರೇ. ಇನ್ಶೂರೆನ್ಸಿನವರು ಆ 'ನ್' ಹಿಡಿದುಕೊಂಡು ಕುಳಿತುಕೊಳ್ಳುತ್ತಾರೆ.

ಕುಡ್ಲ_ಲ್ಯಾಬ್
ಬಿಲ್ಲಿಂಗ್ ಕೌಂಟರಿನಲ್ಲಿ ಆಗುವುದಿಲ್ಲ, ರೆಕಾರ್ಡ್ ಸೆಕ್ಷನ್ನಿಗೆ ಹೋಗಿ. ಮಧ್ಯಾಹ್ನ ಒಂದರ ಒಳಗೆ.